ಹೊಳೆಯ ಮೇಲೊಂದು ರಾತ್ರಿ ತಂಗುದಾಣ

ಗುಂಡ್ಲುಪೇಟೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ನಮ್ಮ ಕಾರ್ಯಕ್ರಮಕ್ಕೆ ಬರೆದ ಪತ್ರದಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಆಕೆಯ ತಂದೆ ಲಾರಿ ಚಾಲಕರು; ತರಕಾರಿ ಹೇರಿಕೊಂಡು ಕೇರಳಕ್ಕೆ ಹೋಗಿಬರುವವರು. ಬಂಡೀಪುರದ ಕಾಡನ್ನು ಹಾಯುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಅಂದರೆ ವಯನಾಡಿನ ಕಡೆಯ ರಸ್ತೆಯಲ್ಲೂ ಊಟಿಯ ಕಡೆಯ ರಸ್ತೆಯಲ್ಲೂ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಹೊತ್ತಿಗೆ ಸರಿಯಾಗಿ ಮದ್ದೂರು ಚೆಕ್‌ಪೋಸ್ಟ್ ದಾಟದ ಲಾರಿ ಆ ರಾತ್ರಿ ಈಚೆಗೇ ನಿಲ್ಲಬೇಕು. ಚಾಲಕರಿಗೆ ಇದು ರೂಢಿಯಾಗಿಬಿಟ್ಟಿದೆ. ಎಲ್ಲಿ ಬೆಳಕಿದೆ, ಎಲ್ಲಿ ಊಟ ಸಿಗುತ್ತದೆ, ಎಲ್ಲಿ ನಿಲ್ಲಿಸಿದರೆ ಡೀಸೆಲ್ ಕದಿಯುವವರ ಕಾಟವಿಲ್ಲ ಎಂಬುದೆಲ್ಲ ಅವರಿಗೆ ಹೊರಡುವ ಮೊದಲೇ ಗೊತ್ತಿರುತ್ತದೆ.

ಇದನ್ನೆಲ್ಲ ಬರೆದು ಆಕೆ ಕೇಳಿದ್ದ ಪ್ರಶ್ನೆ ಇಷ್ಟು: "ಪುಟ್ಟ ಮೋಟಾರು ದೋಣಿಯಲ್ಲಿ ಹೊಳೆಯ ಮೇಲೆ ಎರಡು ಮೂರು ದಿನ ಪ್ರಯಾಣ ಮಾಡುವವರು ರಾತ್ರಿ ಎಲ್ಲಿ ನಿಲ್ಲುತ್ತಾರೆ? ನಮ್ಮ ಗುಂಡ್ಲುಹೊಳೆಯಿಂದ ಹೊರಟರೆ ಎಲ್ಲೆಲ್ಲಿ ನಿಲ್ಲಬಹುದು?"

ಮೊದಲು ಓದಿದಾಗ ನನಗೆ ನಗು ಬಂತು. ಬೇಸಿಗೆಯಲ್ಲಿ ಗುಂಡ್ಲುಹೊಳೆಯನ್ನು ನೋಡಿದವರಿಗೆ ನಗು ಬರುವುದು ಸಹಜ. ಆದರೆ ಮತ್ತೊಮ್ಮೆ ಓದಿದಾಗ ನಗು ನಿಂತಿತು. ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾನೇ ಒಮ್ಮೆ ದೋಣಿ ಹತ್ತಿದ್ದೆ. ಅದಕ್ಕೆ ತಕ್ಕದ್ದನ್ನು ಅನುಭವಿಸಿಯೂ ಇದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಹೊರದೇಶಗಳಲ್ಲಿ ಇಂಥ ದೋಣಿಗಳು ತಂಗುವ ಜಾಗಕ್ಕೆ ಮರೀನಾ ಎನ್ನುತ್ತಾರೆ. ನಮಗೆ ಮರೀನಾ ಎಂದ ಕೂಡಲೇ ನೆನಪಾಗುವುದು ಚೆನ್ನೈನ ಕಡಲತೀರ. ಆದರೆ ಅಲ್ಲಿ ದೋಣಿ ಕಟ್ಟಿ ಮಲಗುವ ಏರ್ಪಾಡೇನೂ ಇಲ್ಲ. ಅಲ್ಲಿ ಅದು ಬರಿಯ ಹೆಸರು. ನಿಜವಾದ ಮರೀನಾ ಎಂದರೆ ಪ್ರವಾಹದ ಹೊಡೆತಕ್ಕೂ ಅಲೆಗಳಿಗೂ ನೇರವಾಗಿ ಸಿಗದಂತೆ ಮರೆಯಾದ ಒಂದು ಜಲಾಂಗಣ. ಅದರೊಳಗೆ ತೇಲುವ ಕಟ್ಟೆಗಳು. ಒಂದೊಂದು ದೋಣಿಗೆ ಒಂದೊಂದು ಅಂಕಣ. ಕುಡಿಯುವ ನೀರು, ವಿದ್ಯುತ್ತು, ಇಂಧನ, ದೋಣಿಯ ಶೌಚದ ತೊಟ್ಟಿಯನ್ನು ಹೀರಿ ಖಾಲಿ ಮಾಡುವ ಪಂಪು, ರಾತ್ರಿ ಕಾವಲು. ಒಂದೆರಡು ರಾತ್ರಿ ನಿಂತು ಹೋಗುವ ದಾರಿಹೋಕ ದೋಣಿಗಳಿಗೆಂದೇ ಕೆಲವು ಅಂಕಣಗಳನ್ನು ತೆರವಾಗಿ ಇಟ್ಟಿರುತ್ತಾರೆ. ಹೋಗುವವರು ಮುಂಚಿತವಾಗಿ ಫೋನು ಮಾಡಿ, ತಮ್ಮ ದೋಣಿಯ ಉದ್ದ ಎಷ್ಟು, ಅಗಲ ಎಷ್ಟು, ಅದರ ತಳ ನೀರಿನಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದನ್ನು ತಿಳಿಸಿ ಜಾಗ ಕಾದಿರಿಸಿಕೊಳ್ಳುತ್ತಾರೆ.

ಇದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದುದು ಆ ತೇಲುವ ಕಟ್ಟೆಯನ್ನು. ಅದನ್ನು ಪಾಂಟೂನ್ ಎನ್ನುತ್ತಾರೆ. ನದಿಯ ತಳಕ್ಕೆ ನೆಟ್ಟ ಎತ್ತರದ ಕಂಬಗಳಿಗೆ ದೊಡ್ಡ ಬಳೆಗಳಂಥ ಕೊಂಡಿಗಳಿಂದ ಅದನ್ನು ಸಿಕ್ಕಿಸಿರುತ್ತಾರೆ. ನೀರು ಏರಿದರೆ ಕಟ್ಟೆ ಕಂಬದ ಗುಂಟ ಮೇಲೇರುತ್ತದೆ, ಇಳಿದರೆ ಇಳಿಯುತ್ತದೆ. ದೋಣಿಯೂ ಕಟ್ಟೆಯೂ ಒಟ್ಟಿಗೇ ಏರಿಳಿಯುವುದರಿಂದ ನಡುವಿನ ಹಗ್ಗ ಬಿಗಿಯುವುದೂ ಇಲ್ಲ, ಸಡಿಲವಾಗುವುದೂ ಇಲ್ಲ. ದೋಣಿಯವನು ನೆಮ್ಮದಿಯಾಗಿ ಮಲಗಬಹುದು. ನಾವು ಮಲಗಿದ ಮೇಲೂ ನೀರು ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಏರ್ಪಾಡು ಅದು.

ಇಂಥ ಅನುಕೂಲ ಶ್ರೀಮಂತ ದೇಶಗಳಲ್ಲೂ ಎಲ್ಲ ನದಿಗಳ ಮೇಲೂ ಇಲ್ಲ. ಅಮೆರಿಕದ ಮಿಸಿಸಿಪ್ಪಿಯ ಕೆಳಭಾಗದಲ್ಲಿ ವರ್ಷದೊಳಗೆ ನೀರಿನ ಮಟ್ಟ ಹತ್ತು ಮೀಟರಿಗೂ ಮೀರಿ ಏರಿಳಿಯುವ ಊರುಗಳಿವೆ. ಮೇಲಾಗಿ ದೈತ್ಯ ಸರಕು ದೋಣಿಗಳ ಓಡಾಟ. ಅಲ್ಲಿ ಪುಟ್ಟ ದೋಣಿಗೆ ಇಂಧನ ಸಿಗುವ, ರಾತ್ರಿ ನಿಲ್ಲಲಾಗುವ ಜಾಗಗಳ ನಡುವಣ ಅಂತರ ಬಹಳ ಹೆಚ್ಚು. ಆದಕಾರಣ ಉತ್ತರದಿಂದ ಮೆಕ್ಸಿಕೋ ಕೊಲ್ಲಿಗೆ ಇಳಿಯುವ ಅನೇಕ ಪುಟ್ಟ ದೋಣಿಗಳು ಆ ಮಹಾನದಿಯನ್ನು ನಡುವೆಯೇ ಬಿಟ್ಟು, 1985ರಲ್ಲಿ ಲೋಕಾರ್ಪಣೆಯಾದ ಟೆನೆಸ್ಸೀ-ಟಾಂಬಿಗ್ಬೀ ಜಲಮಾರ್ಗವನ್ನು ಹಿಡಿಯುತ್ತವೆ. ದಾರಿಯನ್ನು ಗೊತ್ತುಮಾಡುವಲ್ಲಿ ನದಿಯ ದೊಡ್ಡತನಕ್ಕಿಂತ ರಾತ್ರಿಯ ತಂಗುದಾಣಕ್ಕೇ ಹೆಚ್ಚಿನ ಮಾತು ಎಂಬುದನ್ನು ಇಲ್ಲಿ ನೋಡಬಹುದು.

ಈಗ ಪತ್ರದ ಎರಡನೆಯ ಪ್ರಶ್ನೆಗೆ ಬರೋಣ. ಭೂಪಟದಲ್ಲಿ ಬೆರಳಿಟ್ಟು ನನ್ನ ಜೊತೆ ಬನ್ನಿ. ಗುಂಡ್ಲುಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನ ಬಳಿ ಕಪಿಲೆಯನ್ನು, ಅಂದರೆ ಕಬಿನಿಯನ್ನು ಸೇರುತ್ತದೆ. ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ ತಲಕಾಡನ್ನು ಸುತ್ತಿ, ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟು, ಹೊಗೇನಕಲ್ಲುಗಳನ್ನು ದಾಟಿ ತಮಿಳುನಾಡಿನತ್ತ ಸಾಗುತ್ತದೆ. ಕಾಗದದ ಮೇಲೆ ಗುಂಡ್ಲುಪೇಟೆಯಿಂದ ಬಂಗಾಳ ಕೊಲ್ಲಿಯವರೆಗೆ ಒಂದೇ ನೀಲಿ ಗೆರೆ.

ಆ ಗೆರೆಯ ಮೇಲೆ ದೋಣಿ ಬಿಟ್ಟರೆ ಏನಾಗುತ್ತದೆ? ಗುಂಡ್ಲುಹೊಳೆಯಲ್ಲಿ ವರ್ಷದ ಬಹುಪಾಲು ದೋಣಿ ತೇಲುವಷ್ಟು ನೀರೇ ಇರುವುದಿಲ್ಲ. ಕಬಿನಿಯಲ್ಲಿ ನೀರಿದೆ. ಆದರೆ ನಂಜನಗೂಡಿನ ಮೇಲ್ಭಾಗದಲ್ಲಿ ರಾಂಪುರ, ಹುಲ್ಲಹಳ್ಳಿಗಳ ಹಳೆಯ ಅಣೆಕಟ್ಟುಗಳು ಅಡ್ಡ ಇವೆ. ಕಾವೇರಿಗೆ ಬಂದರೆ ತಲಕಾಡಿನ ಬಳಿ ಮಾಧವಮಂತ್ರಿ ಅಣೆಕಟ್ಟು. ಅದನ್ನೂ ಹೇಗೋ ದಾಟಿದಿರಿ ಎನ್ನೋಣ. ಮುಂದೆ ಗಗನಚುಕ್ಕಿ, ಭರಚುಕ್ಕಿ! ಆ ಬೀಳಿನ ಬಲದಿಂದ 1902ರಲ್ಲಿ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ವಿದ್ಯುತ್ತಿಗೆ ಒಳ್ಳೆಯದಾದ ಬೀಳು ದೋಣಿಗೆ ಒಳ್ಳೆಯದಲ್ಲ.

ಯೂರೋಪು, ಅಮೆರಿಕಗಳ ನದಿಗಳಲ್ಲೂ ಅಣೆಕಟ್ಟುಗಳಿವೆ. ಆದರೆ ಅನೇಕ ಕಡೆ ಅವುಗಳ ಪಕ್ಕದಲ್ಲಿ ಲಾಕ್ ಎಂಬ, ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆಯೊಂದಿರುತ್ತದೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಕೋಣೆಯ ನೀರನ್ನು ಏರಿಸಿ ಅಥವಾ ಇಳಿಸಿ, ಇನ್ನೊಂದು ಬಾಗಿಲಿನಿಂದ ಹೊರಬಿಡುತ್ತಾರೆ. ನಮ್ಮ ದೇಶದಲ್ಲಿ ಗಂಗೆಯ ಮೇಲಣ ಫರಕ್ಕಾದಲ್ಲಿ ಇಂಥದೊಂದಿದೆ. ನಮ್ಮ ಕಾವೇರಿ, ಕಬಿನಿಗಳ ಕಟ್ಟೆಗಳನ್ನು ಕಟ್ಟಿದ್ದು ನೀರಾವರಿಗಾಗಿ, ಆಮೇಲೆ ವಿದ್ಯುತ್ತಿಗಾಗಿ. ದೋಣಿ ಹಾಯಬೇಕೆಂದು ಯಾರೂ ಎಣಿಸಿರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಗದ್ದೆಗೆ ನೀರು ಬೇಕಾಗಿತ್ತು.

ನಮ್ಮ ಹಿರಿಯರು ಇದಕ್ಕೆ ಬೇರೆಯೇ ಉತ್ತರ ಕಂಡುಕೊಂಡಿದ್ದರು. ತಲಕಾಡಿನಲ್ಲೋ ಹೊಗೇನಕಲ್ಲಿನಲ್ಲೋ ಸಂಜೆ ಹೊತ್ತು ನೋಡಿ. ಹರಿಗೋಲಿನವನು ಕೊನೆಯ ಸುತ್ತು ಮುಗಿಸಿ, ಹರಿಗೋಲನ್ನು ದಡಕ್ಕೆಳೆದು, ಹೊತ್ತುಕೊಂಡು ಹೋಗಿ ಬೋರಲು ಹಾಕಿ ಮನೆಗೆ ಹೋಗುತ್ತಾನೆ. ರಾತ್ರಿ ಹೊಳೆಗೆ ಎಷ್ಟೇ ನೀರು ಬಿಡಲಿ, ಅವನ ದೋಣಿಗೆ ಅದರ ಬಾಧೆಯಿಲ್ಲ. ಈ ನದಿಗಳಿಗೆ ಇದಕ್ಕಿಂತ ತಕ್ಕ ಮರೀನಾ ನನಗೆ ಕಾಣದು. ಹದಿನೆಂಟು ಅಡಿಯ ಫೈಬರ್ ದೋಣಿಯನ್ನು ಇಂಜಿನ್ನಿನ ಸಮೇತ ಹಾಗೆ ಹೊರುವುದು ಸಾಧ್ಯವಿಲ್ಲ ನಿಜ. ಅದಕ್ಕೆ ಗಾಲಿಯ ಟ್ರೇಲರ್ ಬೇಕು, ನೀರಿನವರೆಗೆ ಇಳಿಯುವ ಗಟ್ಟಿಯಾದ ಇಳಿಜಾರು ಬೇಕು.

ರಾತ್ರಿ ನೀರು ಬಿಡುವುದೆಂದೆ. ಮೈಸೂರಿಗೆ ಬಸ್ಸಿನಲ್ಲಿ ಹೋಗುವ ಗುಂಡ್ಲುಪೇಟೆಯ ಮಕ್ಕಳಿಗೆ ಇದು ಹೊಸದಲ್ಲ. ವಯನಾಡಿನಲ್ಲಿ ಮಳೆ ಹಿಡಿದರೆ ಕಬಿನಿ ಜಲಾಶಯದ ಗೇಟು ತೆರೆಯುತ್ತಾರೆ. ನಂಜನಗೂಡಿನ ಸ್ನಾನಘಟ್ಟವೂ ಹದಿನಾರು ಕಾಲು ಮಂಟಪವೂ ಮುಳುಗುತ್ತವೆ. ಮಳೆ ಬಿದ್ದದ್ದು ಇನ್ನೊಂದು ರಾಜ್ಯದಲ್ಲಿ, ಮೋಡವೇ ಇಲ್ಲದ ಊರಿನಲ್ಲಿ ಹೊಳೆ ಏರುತ್ತದೆ. ದಡದಲ್ಲಿ ದೋಣಿ ಕಟ್ಟಿ ಮಲಗುವವನು ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿದರೆ ಸಾಲದು. ನದಿಯ ಮೇಲ್ಭಾಗದಲ್ಲಿ ಯಾವ ಕಟ್ಟೆಯಿದೆ, ಅದರ ಗೇಟಿನ ಸುದ್ದಿ ಏನು ಎಂಬುದನ್ನು ಕೇಳಿಕೊಂಡಿರಬೇಕು.

ಹಾಗಾದರೆ ಕಬಿನಿ ಹಿನ್ನೀರು ಹೇಗೆ? 1974ರಲ್ಲಿ ಪೂರ್ಣಗೊಂಡ ಆ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ತುಂಬಿದಾಗ ಅದು ನೋಡಲು ಕಡಲಿನಂತೆಯೇ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಕಬಿನಿಗೆ 51ನೆಯ ಸ್ಥಾನ. ಇದನ್ನು ಓದಿ ಅಲ್ಲೊಂದು ಬಂದರು ಇರಬಹುದೆಂದು ನಾನೂ ಒಮ್ಮೆ ಎಣಿಸಿದ್ದೆ. ಕಾಯ್ದೆಯ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೀರಿನ ಮೇಲೆ ಕಟ್ಟೆ ಏಳುವುದಿಲ್ಲ. ಹಿನ್ನೀರಿನ ಮೇಲ್ಭಾಗದ ಎರಡೂ ದಡಗಳಲ್ಲಿ ನಾಗರಹೊಳೆ, ಬಂಡೀಪುರಗಳ ಹುಲಿ ಸಂರಕ್ಷಿತ ಅರಣ್ಯ. ಅಲ್ಲಿ ಓಡುವುದು ಅನುಮತಿ ಪಡೆದ ಸಫಾರಿ ದೋಣಿಗಳು, ಅದೂ ಹಗಲಿನಲ್ಲಿ. ನಮ್ಮ ದೋಣಿ ತಂದು ರಾತ್ರಿ ಲಂಗರು ಹಾಕಿ ಮಲಗುತ್ತೇವೆಂದರೆ ಬಿಡುವುದಿಲ್ಲ, ಬಿಡಲೂ ಬಾರದು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹಸಿರು ಹುಲ್ಲಿನ ದಡಗಳು ತೆರೆದುಕೊಂಡಾಗ ಆನೆಗಳು ಹಿಂಡುಹಿಂಡಾಗಿ ಬರುವುದು ಅಲ್ಲಿಗೇ. ರಸ್ತೆಯನ್ನು ರಾತ್ರಿ ಮುಚ್ಚಿದ್ದು ಯಾರಿಗಾಗಿಯೋ, ನೀರನ್ನು ಮುಚ್ಚಿರುವುದೂ ಅವರಿಗಾಗಿಯೇ.

ಅನುಮತಿಯ ಮಾತನ್ನು ಬದಿಗಿಟ್ಟರೂ ಅಲ್ಲಿ ಬೇರೆ ತೊಡಕುಗಳಿವೆ. ಅಕ್ಟೋಬರಿನಲ್ಲಿ ನೀರಿನ ಅಂಚಿನಲ್ಲಿದ್ದ ಕಟ್ಟೆ ಏಪ್ರಿಲಿನಲ್ಲಿ ಕೆಸರಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಒಣಮರಗಳು ನೀರಿನಲ್ಲಿ ಇಂದಿಗೂ ನಿಂತಿವೆ. ನೀರುಕಾಗೆಗಳು ರೆಕ್ಕೆ ಹರಡಿ ಕೂರುವ ಆ ಬೋಳುಮರಗಳ ಚಿತ್ರವನ್ನು ನೀವು ನೋಡಿರುತ್ತೀರಿ. ಮೇಲೆ ಕಾಣುವ ಮರ ಚಿತ್ರಕ್ಕೆ ಚೆನ್ನ. ಒಂದಡಿ ಕೆಳಗೆ ಮುಳುಗಿರುವ ಬೊಡ್ಡೆ ಇಂಜಿನ್ನಿನ ರೆಕ್ಕೆಗೆ ಮೃತ್ಯು. ಬಯಲು ನೀರಿನ ಮೇಲೆ ಗಾಳಿ ದೂರದವರೆಗೆ ತಡೆಯಿಲ್ಲದೆ ಬೀಸಿದಷ್ಟೂ ಅಲೆ ಎತ್ತರವಾಗುತ್ತದೆ ಎಂಬುದೂ ನೆನಪಿರಲಿ.

ದೋಣಿಗಳಿಗೆ ರಾತ್ರಿಯ ಕಟ್ಟುಪಾಡು ರೂಢಿಯಾಗಿರುವ ನಾಡು ನಮ್ಮ ನೆರೆಯ ಕೇರಳ. ಆಲಪ್ಪುಳದ ಹಿನ್ನೀರಿನಲ್ಲಿ ತಿರುಗುವ ಹೌಸ್‌ಬೋಟುಗಳು ಸಂಜೆ ಐದೂವರೆ, ಆರರ ಹೊತ್ತಿಗೆ ದಡಕ್ಕೆ ಕಟ್ಟಿಕೊಳ್ಳಬೇಕು. ಪ್ರವಾಸಿಗರಿಗೆ ಇದು ಸ್ವಲ್ಪ ನಿರಾಸೆ. ಬೆಳದಿಂಗಳಿನಲ್ಲಿ ತೇಲುತ್ತ ಹೋಗಬಹುದೆಂದು ಎಣಿಸಿ ಬಂದಿರುತ್ತಾರೆ. ಆದರೆ ಕತ್ತಲಾದ ಮೇಲೆ ಆ ನೀರು ಮೀನುಗಾರರದು. ಅವರು ಬಲೆ ಬಿಡುವ ಹೊತ್ತು ಅದು. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮರೀನಾ ಕೂಡ ಇದೆ. ಹೊರದೇಶಗಳಿಂದ ಹಾಯಿದೋಣಿಯಲ್ಲಿ ಬರುವವರೂ ಅಲ್ಲಿ ತಂಗುತ್ತಾರೆ. ಗುಂಡ್ಲುಪೇಟೆಯ ತರಕಾರಿ ಲಾರಿ ಹೋಗುವ ರಾಜ್ಯದಲ್ಲೇ ಪತ್ರ ಬರೆದ ಹುಡುಗಿ ಕೇಳಿದಂಥ ಜಾಗವಿದೆ ಎಂದಾಯಿತು.

ಇನ್ನು ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಶರಾವತಿಯ ಕೆಳಪಾತ್ರದ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ಹೊನ್ನಾವರಕ್ಕೆ ಹೋಗಿದ್ದೆವು. ಘಟ್ಟದ ಮೇಲಿನ ನದಿಗಳಲ್ಲಿ ಸಾಧ್ಯವಾಗದ ಪ್ರಯಾಣ ಅಲ್ಲಿ ಸಾಧ್ಯ. ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆಯವರೆಗೆ ಸುಮಾರು 29 ಕಿಲೋಮೀಟರ್ ದೋಣಿ ಸಾಗುವ ನೀರು. 2016ರ ಪಟ್ಟಿಯಲ್ಲಿ ಇದು 90ನೆಯ ಜಲಮಾರ್ಗ. ಆದರೆ ಪಟ್ಟಿಗಿಂತ ಬಹಳ ಹಿಂದೆಯೇ, ಪೋರ್ತುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಕಾಲದಲ್ಲಿ, ಗೇರುಸೊಪ್ಪೆಯ ಮೆಣಸು ಈ ನೀರಿನ ಮೇಲೆಯೇ ಕಡಲಿಗೆ ಇಳಿಯುತ್ತಿತ್ತು.

ಹದಿನೆಂಟು ಅಡಿಯ ಫೈಬರ್ ದೋಣಿ, ಹಿಂದೆ ನಲವತ್ತು ಅಶ್ವಶಕ್ತಿಯ ಇಂಜಿನ್, ಕ್ಯಾಮೆರಾದವರು, ಧ್ವನಿಯವರು, ನಾನು ಮತ್ತು ದೋಣಿಯ ಯಜಮಾನರು. ಐವತ್ತು ದಾಟಿದ ಅಂಬಿಗರು ಅವರು. ಕೊಂಕಣ ರೈಲ್ವೆಯ ಅತ್ಯಂತ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಗಿಲಾದದ್ದು, ಅದರ ಕೆಳಗೆ ಹಾದು ಬೆಳಿಗ್ಗೆ ಹೊರಟೆವು. ಇಂಧನದ ಲೆಕ್ಕ ನಾನೇ ಮಾಡಿದ್ದೆ. ಅಂಥ ಇಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು ಹದಿನೈದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಇಪ್ಪತ್ತೈದು ಲೀಟರಿನ ಟ್ಯಾಂಕು ಎರಡು ಗಂಟೆಯೂ ಬಾರದು. ಹೊಳೆಯ ಮೇಲೆ ಬಂಕ್ ಇಲ್ಲ. ಆದ್ದರಿಂದ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಆಪತ್ತಿಗೆ ಎಂಬ ದೋಣಿಯವರ ಪದ್ಧತಿಯಂತೆ ಕ್ಯಾನುಗಳಲ್ಲಿ ತುಂಬಿಸಿಕೊಂಡಿದ್ದೆ. ತೇಲುಜಾಕೆಟ್ಟುಗಳನ್ನೂ ಎಣಿಸಿ ಇಟ್ಟಿದ್ದೆ. ಎಲ್ಲವನ್ನೂ ಲೆಕ್ಕ ಹಾಕಿದ ನಾನು, ರಾತ್ರಿಯಾದರೆ ಎಲ್ಲಿ ನಿಲ್ಲುವುದು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಸಂಜೆಗೆ ಮರಳುತ್ತೇವಲ್ಲ ಎಂಬ ಭರವಸೆ.

ಗೇರುಸೊಪ್ಪೆಯಲ್ಲಿ ಚಿತ್ರೀಕರಣ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಶರಾವತಿ ಟೇಲ್‌ರೇಸ್ ಯೋಜನೆಯ ಅಣೆಕಟ್ಟು ಅಲ್ಲಿದೆ. 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ. ಅಲ್ಲಿಂದ ಕೆಳಗಿನ ಹೊಳೆ ಎರಡು ಯಜಮಾನರ ಮಾತು ಕೇಳುವ ಆಳಿನಂತೆ. ಕೆಳಗಿನಿಂದ ಚಂದ್ರನ ಉಬ್ಬರ ಇಳಿತ, ಮೇಲಿನಿಂದ ಟರ್ಬೈನುಗಳಿಂದ ಬರುವ ನೀರು. ವಿದ್ಯುತ್ತಿನ ಬೇಡಿಕೆ ಹೆಚ್ಚಿದಾಗ ಯಂತ್ರ ಓಡುತ್ತದೆ, ಹೊಳೆ ಏರುತ್ತದೆ. ಇದನ್ನೆಲ್ಲ ಕ್ಯಾಮೆರಾದ ಮುಂದೆ ನಾನೇ ವಿವರಿಸಿದ್ದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಮರಳುವಾಗ ಇಂಜಿನ್ನಿನ ರೆಕ್ಕೆಗೆ ಹಳೆಯ ಬಲೆಯ ತುಂಡು ಸುತ್ತಿಕೊಂಡು ಮತ್ತೊಂದು ಗಂಟೆ ಹೋಯಿತು. ಮಾವಿನಕುರ್ವೆ ದ್ವೀಪದ ಸಮೀಪ ಬರುವಷ್ಟರಲ್ಲಿ ಆರು ಗಂಟೆ. ಸೂರ್ಯ ಮುಳುಗುತ್ತಿದ್ದ. ಹೊನ್ನಾವರ ಇನ್ನು ಕೆಲವೇ ಕಿಲೋಮೀಟರ್. ಯಜಮಾನರು ಇಂಜಿನ್ ನಿಲ್ಲಿಸಿಬಿಟ್ಟರು.

"ಮುಂದೆ ಬೇಡ ಮಾರಾಯ್ರೆ. ನೀರು ಪೂರಾ ಇಳಿದಿದೆ, ಮರಳದಿಣ್ಣೆ ಕಾಣೂದಿಲ್ಲ. ಬಲೆ ಬೇರೆ ಬಿಟ್ಟಿರ್ತಾರೆ."

ಟಾರ್ಚ್ ಹಿಡಿದು ಹೋಗೋಣ ಎಂದು ನಮ್ಮವರೊಬ್ಬರು ಒತ್ತಾಯಿಸಿದರು. ನನಗೂ ಮರುದಿನದ ಕೆಲಸದ ಚಿಂತೆ. ಯಜಮಾನರು ಒಪ್ಪಲಿಲ್ಲ. ಅಂದು ನನಗೆ ಸಿಟ್ಟು ಬಂದಿತ್ತು. 2023ರ ಮೇ 7ರ ಸಂಜೆ ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಅನುಮತಿಯ ಹೊತ್ತು ಮೀರಿದ ಮೇಲೂ ಮಿತಿಮೀರಿ ಜನ ತುಂಬಿಕೊಂಡು ಹೊರಟ ಪ್ರವಾಸಿ ದೋಣಿಯೊಂದು ಮಗುಚಿ 22 ಜನ ತೀರಿಕೊಂಡ ಸುದ್ದಿಯನ್ನು ನಮ್ಮ ಸುದ್ದಿಮನೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಯಜಮಾನರು. ಸತ್ತವರಲ್ಲಿ ಮಕ್ಕಳೂ ಇದ್ದರು. ಹೊರಡುವ ಮೊದಲು "ಇಂದು ಬೇಡ" ಎನ್ನುವವರು ಒಬ್ಬರಿದ್ದಿದ್ದರೆ ಸಾಕಾಗಿತ್ತು.

ಸಮೀಪದ ಒಂದು ಕಡವಿನಲ್ಲಿ ದೋಣಿ ಹಚ್ಚಿದೆವು. ಯಜಮಾನರಿಗೆ ಅಲ್ಲಿ ನೆಂಟರ ಮನೆಯಿತ್ತು. ನಮಗೂ ಅಲ್ಲೇ ಗಂಜಿ, ಮೀನಿನ ಸಾರು. ಸಾಮಾನು ಕಾಯಲು ನಾನು ದೋಣಿಯಲ್ಲೇ ಮಲಗುತ್ತೇನೆ ಎಂದೆ. ಮೆಟ್ಟಿಲ ಬುಡದ ಮರದ ಗೂಟಕ್ಕೆ ದೋಣಿ ಕಟ್ಟಿದ ಯಜಮಾನರು ಹಗ್ಗವನ್ನು ಉದ್ದಕ್ಕೆ ಬಿಟ್ಟು, "ಹೀಗೇ ಇರ್ಲಿ" ಎಂದು ಹೇಳಿ ಮಲಗಲು ಹೋದರು. ಲಂಗರಿನ ಮೇಲೋ ದಡದಲ್ಲೋ ರಾತ್ರಿ ನಿಂತ ದೋಣಿ ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪವನ್ನು ತೋರಿಸಬೇಕು. ಒಂದು ಲಾಟೀನನ್ನು ಕೋಲಿಗೆ ಕಟ್ಟಿ ಅದನ್ನೂ ಅವರೇ ಮಾಡಿಹೋದರು.

ಉದ್ದ ಹಗ್ಗದಲ್ಲಿ ದೋಣಿ ಆಚೆಗೀಚೆಗೆ ತೂಗಾಡುತ್ತಿತ್ತು. ನನಗೆ ನಿದ್ದೆ ಬರಲಿಲ್ಲ. ಎದ್ದು ಹಗ್ಗವನ್ನು ಎಳೆದು, ಒಂದು ಮೀಟರಿಗೂ ಕಡಿಮೆ ಉಳಿಯುವಂತೆ ಗೂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ತೂಗಾಟ ನಿಂತಿತು, ನಿದ್ದೆಯೂ ಬಂತು.

ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆ ಕರಾವಳಿಯಲ್ಲಿ ಅದು ಸುಮಾರು ಒಂದೂವರೆ ಮೀಟರ್. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಹತ್ತು ಹನ್ನೆರಡು ನಿಮಿಷ. ನೀರು ಒಂದೇ ಸಮನೆ ಏರುವುದಿಲ್ಲ. ನಾವಿಕರ ಒಂದು ಸರಳ ಲೆಕ್ಕವಿದೆ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾವು ದೋಣಿ ಕಟ್ಟಿದ್ದು ಇಳಿತದಲ್ಲಿ, ಆರು ಗಂಟೆಗೆ. ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ಪಾಲು, ಅಂದರೆ ಒಂದು ಮೀಟರಿಗೂ ಹೆಚ್ಚು ನೀರು ಏರಿತ್ತು. ಗೂಟ ಮುಳುಗಿತ್ತು. ದೋಣಿ ಏರಬೇಕೆನ್ನುತ್ತಿತ್ತು, ನಾನು ಬಿಗಿದ ಹಗ್ಗ ಅದರ ಮೂತಿಯನ್ನು ಕೆಳಕ್ಕೆ ಹಿಡಿದಿತ್ತು. ಕಾಲಿಗೆ ತಣ್ಣಗೆ ನೀರು ತಗುಲಿ ಎಚ್ಚರವಾದಾಗ ಮುಂಭಾಗದ ಅಂಚಿನ ಮೇಲಿಂದ ಹೊಳೆ ಒಳಗೆ ಬರುತ್ತಿತ್ತು.

ಗಂಟು ನೀರಿನ ಅಡಿಯಲ್ಲಿ. ಬಿಗಿದು ಕಲ್ಲಿನಂತಾಗಿತ್ತು, ಬಿಚ್ಚಲಾಗಲಿಲ್ಲ. ಕೂಗಿದೆ. ಯಜಮಾನರು ಲುಂಗಿ ಎತ್ತಿ ಕಟ್ಟಿಕೊಂಡು ಓಡಿಬಂದು, ಏನನ್ನೂ ಕೇಳದೆ ಮೀನು ಕೊಯ್ಯುವ ಕತ್ತಿಯಿಂದ ಹಗ್ಗ ಕಡಿದರು. ದೋಣಿ ಒಮ್ಮೆಲೇ ಮೂತಿ ಎತ್ತಿ ಎಗರಿತು. ಒಂದು ಬ್ಯಾಟರಿ ಪೆಟ್ಟಿಗೆ ತೊಯ್ದು ಹೋಗಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ದೋಣಿಯ ಜೊತೆ ನಾನೂ ಹೋಗುತ್ತಿದ್ದೆ.

ಮಿಕ್ಕ ಹಗ್ಗವನ್ನು ಅವರು ಕಟ್ಟಿದ ರೀತಿಯನ್ನು ನಾನು ಲಾಟೀನಿನ ಬೆಳಕಿನಲ್ಲಿ ಸರಿಯಾಗಿ ನೋಡಿದೆ. ದಡದ ಮೇಲಿನ ಒಂದು ತೆಂಗಿನಮರಕ್ಕೆ, ದೋಣಿಯ ಮುಂದಕ್ಕೆ ದೂರದಲ್ಲಿ, ಒಂದು ಹಗ್ಗ. ಹಿಂದಕ್ಕೆ ಅಷ್ಟೇ ದೂರದ ಇನ್ನೊಂದು ಮರಕ್ಕೆ ಇನ್ನೊಂದು. ಇದರ ಹಿಂದಿರುವುದು ನೀವು ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸನ ಪ್ರಮೇಯ. ಲೆಕ್ಕದ ಸುಲಭಕ್ಕಾಗಿ, ಮೊದಲು ಹಗ್ಗ ನೀರಿಗೆ ಸಮಾನಾಂತರವಾಗಿ ಬಿಗಿಯಾಗಿದೆ ಎಂದುಕೊಳ್ಳಿ. ಹಗ್ಗ ಎರಡು ಮೀಟರ್ ಇದ್ದು ನೀರು ಒಂದೂವರೆ ಮೀಟರ್ ಏರಿದರೆ ಬೇಕಾಗುವ ಉದ್ದ 4 ಮತ್ತು 2.25ರ ಮೊತ್ತದ ವರ್ಗಮೂಲ, ಅಂದರೆ ಎರಡೂವರೆ ಮೀಟರ್. ಅರ್ಧ ಮೀಟರ್ ಸಾಲದಾಯಿತು. ಹಗ್ಗ ಹತ್ತು ಮೀಟರ್ ಇದ್ದರೆ ಬೇಕಾಗುವುದು 102.25ರ ವರ್ಗಮೂಲ, ಸುಮಾರು 10.11 ಮೀಟರ್. ಕೊರತೆ ಕೇವಲ ಹನ್ನೊಂದು ಸೆಂಟಿಮೀಟರ್! ಒಂದು ಗೇಣಿಗಿಂತಲೂ ಕಡಿಮೆ ಸಡಿಲ ಬಿಟ್ಟರೆ ರಾತ್ರಿಯಿಡೀ ಯೋಚನೆಯಿಲ್ಲ. ಎರಡು ಕಡೆಗೂ ಎಳೆದಿರುವುದರಿಂದ ಹೆಚ್ಚು ತೂಗಾಟವೂ ಇಲ್ಲ. ಲಂಗರು ಹಾಕಿದಾಗ ನೀರಿನ ಆಳದ ಐದರಿಂದ ಏಳರಷ್ಟು ಹಗ್ಗ ಬಿಡುವುದೂ ಹೀಗೆಯೇ. ಎಳೆತ ತಳಕ್ಕೆ ಸಮಾನಾಂತರವಾದಷ್ಟೂ ಲಂಗರು ಕಚ್ಚಿ ಹಿಡಿಯುತ್ತದೆ. ಬಿ.ಎಸ್ಸಿ. ಓದಿದ ನನಗೆ ಪ್ರಮೇಯ ಗೊತ್ತಿತ್ತು. ಹಗ್ಗ ಕಟ್ಟುವುದು ಅವರಿಗೆ ಗೊತ್ತಿತ್ತು.

ಪತ್ರ ಬರೆದ ಹುಡುಗಿಗೆ ಇದನ್ನೆಲ್ಲ ಚಿಕ್ಕದಾಗಿ ಬರೆದು ತಿಳಿಸಿದ್ದೇನೆ. ಗುಂಡ್ಲುಹೊಳೆಯಿಂದ ದೋಣಿಪ್ರಯಾಣ ಆಗದು. ಶರಾವತಿಯಲ್ಲಿ ಆದೀತು, ಹಗಲಿನಲ್ಲಿ, ದೋಣಿಯ ನೋಂದಣಿ ಪತ್ರವನ್ನು ನೋಡಿ, ಆ ನೀರನ್ನು ಬಲ್ಲ ಯಜಮಾನರನ್ನು ಮುಂದಿಟ್ಟುಕೊಂಡು. ಎಲ್ಲಿ ತಂಗುತ್ತೀರಿ, ಅಲ್ಲಿ ರಾತ್ರಿ ನೀರು ಎಷ್ಟು ಏರುತ್ತದೆ, ದಡದ ಜಾಗ ಯಾರದು, ಕೂಗಿದರೆ ಕೇಳಿಸುವಷ್ಟು ಹತ್ತಿರ ಮನೆಯಿದೆಯೇ ಎಂದು ಹೊರಡುವ ಹಿಂದಿನ ದಿನವೇ ಅವರನ್ನು ಕೇಳಿಕೋ ಎಂದೂ ಬರೆದೆ. ಅವಳ ತಂದೆಗೆ ಈ ಪಟ್ಟಿ ತೋರಿಸಿದರೆ, ಇದರಲ್ಲಿ ಹೊಸದೇನಿದೆ ಎಂದು ಅವರು ಕೇಳಿಯಾರು.

ಮರುದಿನ ಬೆಳಿಗ್ಗೆ ಆರೂವರೆಗೆ ನೀರು ಮತ್ತೆ ಇಳಿದಿತ್ತು. ಗೂಟ ತಲೆಯೆತ್ತಿ ನಿಂತಿತ್ತು, ನನ್ನ ಗಂಟು ಅದರ ಮೇಲೆ ಹಾಗೇ ಇತ್ತು. ಯಜಮಾನರು ಅದನ್ನು ಬಿಡಿಸಲು ಐದು ನಿಮಿಷ ಪ್ರಯತ್ನಿಸಿ, ಕೊನೆಗೆ ಬಿಟ್ಟು, ಇಂಜಿನ್ನಿನ ಹಗ್ಗ ಎಳೆದರು. ಹೊನ್ನಾವರದ ಧಕ್ಕೆಯಲ್ಲಿ ಇಳಿದು ಬಾಡಿಗೆ ಲೆಕ್ಕ ಮಾಡುವಾಗ ಕಡಿದ ಹಗ್ಗದ ದುಡ್ಡನ್ನು ಅವರು ಬೇರೆಯಾಗಿ ಕೇಳಿ ಪಡೆದುಕೊಂಡರು.